ಗಿರಿಜಕ್ಕ ಒದರಿದ ಸಂಜೆ

ಮೊನ್ನೆ ಒಂದು ಭಾನುವಾರ ಕೊರಿಯಾ ದೇಶದ ಒಬ್ಬ ಹುಡುಗನನ್ನು ಸಾಬೂನು ಪುಡಿಯಲ್ಲಿ ನೆನೆಸಿ, ತಿಕ್ಕಿ, ಹಿಂಡಿ, ತಲೆಕೆಳಗು ಮಾಡಿ ಹಗ್ಗದ ಮೇಲೆ ಒಣಹಾಕಿದೆ. ಗಾಬರಿಯಾಗಬೇಡಿ, ಅದು ನನ್ನ ಮಗಳು ಶ್ರಾವ್ಯಾಳ ತಲೆದಿಂಬಿನ ಗವಸು. ಅದರ ಮೇಲೆ ಆ ಹುಡುಗನ ಮುಖ ಅಚ್ಚಾಗಿದೆ. ಗುಲಾಬಿ ಬಣ್ಣದ ಕೂದಲು, ನಿದ್ದೆಗಣ್ಣು, ಗಡ್ಡ ಮೀಸೆಯ ಸುಳಿವೇ ಇಲ್ಲದ ಗಲ್ಲ. ಅವನು ಹಾಡುಗಾರ. ತನ್ನಂಥ ಇನ್ನೊಂದಿಷ್ಟು ಹುಡುಗರ ಜೊತೆ ಕುಣಿಯುತ್ತ ಹಾಡುತ್ತಾನೆ. ಅವನ ಭಾಷೆ ನಮ್ಮ ಮನೆಯಲ್ಲಿ ಯಾರಿಗೂ ಬಾರದು. ಆದರೆ ಅವನಿಗೆ ಯಾವ ತಿಂಡಿ ಸೇರುತ್ತದೆ, ಅವನ ನಾಯಿಯ ಹೆಸರೇನು ಎಂಬುದು ನನ್ನ ಮಗಳಿಗೆ ಗೊತ್ತು. ನನಗೇನು ಸೇರುತ್ತದೆ ಎಂದು ಕೇಳಿ ನೋಡಿ, ಅವಳು ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪಕ್ಕದ ಮನೆಯ ಕಮಲಾಬಾಯಿ ಕಂಪೌಂಡಿನ ಆಚೆಯಿಂದ ಹಗ್ಗದ ಕಡೆ ನೋಡಿ, "ಯಾರ್ರೀ ಟೀಚರ್, ಇಂವಾ? ಹುಡುಗೀ ಇದ್ದಂಗ ಅದಾನಲ್ರಿ" ಎಂದರು.

"ನಮ್ಮ ಅಳಿಯಾರಿ" ಎಂದೆ.

ಅವರು ಒಂದು ಗಳಿಗೆ ನಂಬಿದರೆಂದು ಕಾಣುತ್ತದೆ. "ಯಾವೂರವ್ರು?" ಎಂದು ಕೇಳಿದರು.

ಅದೇ ವಾರ ಆ ಹುಡುಗ ತನ್ನ ದೇಶದ ಸೈನ್ಯಕ್ಕೆ ಸೇರುತ್ತಾನೆಂಬ ಸುದ್ದಿ ಬಂತು. ಅಲ್ಲಿ ಗಂಡುಹುಡುಗರೆಲ್ಲ ಕೆಲವು ಕಾಲ ಸೈನ್ಯದಲ್ಲಿ ಇರಲೇಬೇಕಂತೆ. ಶ್ರಾವ್ಯಾ ಊಟ ಬಿಟ್ಟಳು. ಫೋನಿನಲ್ಲಿ ಅವಳ ಗೆಳತಿಯರೂ ಒಂದೊಂದು ಚೌಕದೊಳಗೆ ಕೂತು ಅಳುತ್ತಿದ್ದರು. ಅವನ ಹಳೆಯ ಹಾಡೊಂದನ್ನು ಹಚ್ಚಿ, ಅವನ ಮುಖ ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ಚೀರುವುದು, ಮತ್ತೆ ಅಳುವುದು. ನನ್ನ ಗಂಡ ಸಮಾಧಾನ ಮಾಡಲು ಹೋದರು. ಅವರ ಸಮಾಧಾನದ ರೀತಿಯೇ ಬೇರೆ. "ನಮ್ಮ ಹುನಗುಂದ ತಾಲೂಕಿನ ಎಷ್ಟ ಹುಡುಗ್ರು ಮಿಲಿಟ್ರಿಗೆ ಹೋಗ್ಯಾರ. ಒಬ್ಬರ ಸಲುವಾಗೆರೆ ಒಂದ ಹನಿ ಕಣ್ಣೀರ ಹಾಕೀಯೇನು?" ಎಂದರು. ಅಳು ಇಮ್ಮಡಿಯಾಯಿತು.

ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚೀರುವಿಕೆ ಇನ್ನೊಂದು ಸಲ ಎದ್ದಾಗ ನನ್ನ ಬಾಯಿಂದ ಒಂದು ಮಾತು ಹೊರಟಿತು: "ಹುಚ್ಚ ಹಿಡದೈತೇನ ನಿನಗ? ಓಣ್ಯಾಗ ಮಂದಿ..." ಅಷ್ಟಕ್ಕೇ ನಿಂತೆ. ಮಾತು ನನ್ನದಾಗಿರಲಿಲ್ಲ, ದನಿಯೂ ನನ್ನದಾಗಿರಲಿಲ್ಲ. ಅದು ಇಳಕಲ್ಲಿನ ನಮ್ಮ ದೊಡ್ಡವ್ವನದು. ಅವಳು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನನ್ನ ಗಂಟಲಲ್ಲಿ ಅವಳು ಇನ್ನೂ ಹಾಗೆಯೇ ಕೂತಿದ್ದಳು.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಅಪ್ಪ ಈ ಕಡೆ, ದೊಡ್ಡಪ್ಪ ಆ ಕಡೆ ಸೀರೆ ನೇಯುತ್ತಿದ್ದರು. ದಿನವೆಲ್ಲ ಆ ಸಪ್ಪಳ. ಅದರ ನಡುವೆ ಮಾತಾಡಿ ಮಾತಾಡಿ ನಮ್ಮ ಓಣಿಯ ಹೆಂಗಸರ ದನಿಯೇ ದೊಡ್ಡದು. "ಉಪ್ಪ ಕೊಡು" ಎಂಬುದನ್ನೂ ಜಗಳಕ್ಕೆ ಕರೆದ ಹಾಗೆ ಹೇಳುವವರು. ಆದರೆ ಸಂಜೆ ಮಗ್ಗ ನಿಂತ ಮೇಲೆ ಕತೆಯೇ ಬೇರೆ. "ದನಿ ಸಣ್ಣ ಮಾಡ್ರಿ, ಮಂದಿ ಕೇಳ್ತಾರ" ಎಂದು ಹುಡುಗಿಯರಿಗೆಲ್ಲ ಬೈಗುಳ ಬೀಳುತ್ತಿತ್ತು. ಹಗಲು ಗಂಟಲು ಬೆಳೆಸಿ ಸಂಜೆ ಅದನ್ನು ಕಟ್ಟಿಹಾಕುವ ಈ ಪದ್ಧತಿ ನನಗೆ ಆಗ ವಿಚಿತ್ರ ಅನಿಸಿರಲಿಲ್ಲ.

ದೊಡ್ಡವ್ವನ ಒಬ್ಬಳೇ ಮಗಳು ಗಿರಿಜಕ್ಕ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ಆಗಷ್ಟೇ ಕಾಲೇಜಿನ ಮೆಟ್ಟಿಲು ಹತ್ತಿದ್ದಳು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳ ಪೈಕಿ ಅಲ್ಲಿಯ ತನಕ ಹೋದ ಮೊದಲನೆಯವಳು. ಕಾಲೇಜಿನಿಂದ ಬಂದವಳೇ ರಾಟಿಯ ಮುಂದೆ ಕೂತು ತನ್ನಪ್ಪನ ಲಾಳಿಗೆ ನೂಲು ಸುತ್ತಿಕೊಡುವಳು. ರಾಟಿ ತಿರುಗಿಸುತ್ತ ಹಾಡುವಳು. ರೇಡಿಯೋದಲ್ಲಿ ಒಂದು ಸಲ ಬಂದ ಹಾಡು ಅವಳಿಗೆ ಸಾಕು. ಶಬ್ದ ಸಿಗದ ಕಡೆ ತನ್ನದೇ ಶಬ್ದ ತುಂಬುವಳು. ನಾನು ಅವಳ ಪಕ್ಕ ಕೂತು ಅವಳು ಹಾಡಿದ್ದನ್ನು ಅರ್ಧ ಸ್ವರ ತಪ್ಪಿಸಿ ಹಾಡುವೆ. "ಸುಮಾ, ನೀ ಸುಮ್ಮ ಚಪ್ಪಾಳಿ ಹೊಡಿಯವ್ವಾ, ಸಾಕು" ಎನ್ನುತ್ತಿದ್ದಳು. ಆ ಕೆಲಸವನ್ನು ನಾನು ಇಂದಿಗೂ ಚೆನ್ನಾಗಿ ಮಾಡುತ್ತೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಚಪ್ಪಾಳೆ ನನ್ನದೇ.

ಗಣೇಶನ ಹಬ್ಬಕ್ಕೆ ಇಳಕಲ್ಲಿನ ಪೇಟೆಯಲ್ಲಿ ಆರ್ಕೆಸ್ಟ್ರಾ ಹಾಕಿಸುತ್ತಿದ್ದರು. ಹುಬ್ಬಳ್ಳಿ ಕಡೆಯಿಂದ ಒಂದು ಪಾರ್ಟಿ ಬರುತ್ತಿತ್ತು. ಅದರಲ್ಲೊಬ್ಬ ಹಾಡುವವನಿದ್ದ. ಗುಂಗುರು ಕೂದಲು, ಬಿಳಿ ಬೂಟು, ಕೊರಳಿಗೆ ಕೆಂಪು ಕರವಸ್ತ್ರ. ಸಿನಿಮಾ ಹಾಡುಗಳನ್ನೇ ಹಾಡುತ್ತಿದ್ದ, ಆದರೆ ಸಿನಿಮಾದವರಿಗಿಂತ ಇವನೇ ಚಲೋ ಹಾಡುತ್ತಾನೆಂದು ನಮ್ಮ ಓಣಿಯ ಹುಡುಗಿಯರ ತೀರ್ಮಾನ. ಅವನ ಹಾಡುಗಳ ಕ್ಯಾಸೆಟ್ಟೊಂದು ಮನೆಯಿಂದ ಮನೆಗೆ ತಿರುಗುತ್ತಿತ್ತು. ಅದರ ಮೇಲಿನ ಚಿತ್ರದಲ್ಲಿ ಅವನು ಹೆಬ್ಬೆರಳಿನಷ್ಟಿದ್ದ. ಆ ಹೆಬ್ಬೆರಳಿಗಾಗಿ ನಾನು ಮುಖಕ್ಕೆ ಪೌಡರು ಹಚ್ಚಲು ಕಲಿತೆ. ಅವನು ನನ್ನನ್ನು ನೋಡುವ ಸಂಭವವೇ ಇರಲಿಲ್ಲ. ಆದರೂ ಯಾವ ಕಡೆಯಿಂದ ನೋಡಿಯಾನೋ ಎಂದು ಕಿವಿಯ ಹಿಂದೆಯೂ ಹಚ್ಚಿಕೊಳ್ಳುತ್ತಿದ್ದೆ.

ಗಂಡಸರಿಗೆ ಕೆಳಗೆ ಜಾಗ. ಹೆಂಗಸರು, ಹುಡುಗಿಯರು ಸುತ್ತಲಿನ ಮನೆಗಳ ಮಾಳಿಗೆಯ ಮೇಲೆ. ಆ ವರ್ಷ ನಾವು ಬೆಳ್ಳಿಬಂಗಾರದ ಅಂಗಡಿಯವರ ಮಾಳಿಗೆಯ ಅಂಚಿಗೆ ಸಾಲಾಗಿ ಕೂತಿದ್ದೆವು. ಆಗಷ್ಟೇ ದೀಪ ಹಚ್ಚಿದ್ದರು. ಗಿರಿಜಕ್ಕ ನಡುವೆ. ಅವಳ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಅವಳ ಗೆಳತಿಯ ಕೈಯಲ್ಲಿ. ದೊಡ್ಡವ್ವ ಹಿಂದಿನ ಸಾಲಿನಲ್ಲಿ ಓಣಿಯ ಹೆಂಗಸರ ಜೊತೆ ಇದ್ದಳು.

ಎರಡು ಮೂರು ಹಾಡು ಆದವು. ಆಮೇಲೆ ಅವನು ತಲೆಯೆತ್ತಿ, ಕೊರಳಿನ ಕರವಸ್ತ್ರ ಬಿಚ್ಚಿ ನಮ್ಮ ಕಡೆ ಬೀಸಿ, "ಮಾಳಿಗಿ ಮ್ಯಾಲ ಕುಂತ ಅಕ್ಕ ತಂಗ್ಯಾರಿಗೆ ಈ ಹಾಡು" ಎಂದ. ನೋಡಿ, ಅವನು ಅಕ್ಕತಂಗಿಯರೆಂದೇ ಕರೆದಿದ್ದ. ಪಾಪ, ಅವನ ಕಡೆಯಿಂದ ಏನೂ ತಪ್ಪಿಲ್ಲ.

ಹಾಡು ಎತ್ತಿಕೊಂಡ. ಗಿರಿಜಕ್ಕ ನನ್ನ ಕೈಯನ್ನು ಎದೆಗೆ ಎಳೆದುಕೊಂಡಳು. ಆಮೇಲೆ ಅವಳು ಎದ್ದು ನಿಂತು ಒದರಿದಳು. ಶಬ್ದವಲ್ಲ, ಹೆಸರಲ್ಲ, ಬರೀ ದನಿ. ಮೈಕಿನ ದನಿಯನ್ನೂ ಮೀರಿ ಅದು ಪೇಟೆಯ ಮೇಲೆ ಹೋಯಿತು. ಅವಳ ಹಿಂದೆಯೇ ಅವಳ ಗೆಳತಿ, ಅವಳಾಚೆಯವಳು, ಎದುರಿನ ಮಾಳಿಗೆಯವರು. ಒಂದು ಕಡೆ ಹತ್ತಿದ ಕಿಡಿ ಬಣವೆಗೆ ಹಬ್ಬುವ ಹಾಗೆ. ಗಿರಿಜಕ್ಕ ನಗುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಮತ್ತೆ ಒದರಿದಳು, ಮತ್ತೆ. ನನ್ನೊಳಗಿಂದಲೂ ಅಂಥದೇ ಒಂದು ದನಿ ಮೇಲೆದ್ದು ಬಂತು. ಹಲ್ಲಿನ ತನಕ ಬಂದಿತ್ತು. ನಾನು ಅದನ್ನು ನುಂಗಿಕೊಂಡೆ.

ಅವನು ಹಾಡು ನಿಲ್ಲಿಸಿದ. ತಬಲಾದವನೂ ನಿಲ್ಲಿಸಿದ. ಕೆಳಗೆ ಕೂತ ಗಂಡಸರೆಲ್ಲ ಕತ್ತೆತ್ತಿ ನೋಡಿದರು. ಆ ನಿಶ್ಶಬ್ದದಲ್ಲಿ ಗಿರಿಜಕ್ಕನದೊಂದೇ ದನಿ ಉಳಿದಿತ್ತು. ಅದು ಅವಳಿಗೂ ಕೇಳಿಸಿರಬೇಕು, ಹಾಗೇ ಕುಸಿದು ಬಿದ್ದಳು. ಯಾರೋ ನೀರು ಚಿಮುಕಿಸಿದರು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ದೊಡ್ಡವ್ವ ಮಂದಿಯನ್ನು ಸರಿಸಿಕೊಂಡು ಬಂದವಳು ಮಗಳ ಹೆರಳು ಹಿಡಿದೆತ್ತಿ, "ಹುಚ್ಚ ಹಿಡದೈತೇನ ನಿನಗ? ಮಂದಿ ನೋಡಾಕತ್ತಾರ" ಎಂದಳು. ಮನೆಗೆ ಬರುವ ದಾರಿಯಲ್ಲಿ ನನ್ನನ್ನು ತೋರಿಸಿ, "ಈಕೀನೂ ಅಲ್ಲೇ ಕುಂತಿದ್ಲಲ್ಲ. ಎಷ್ಟ ಸಂಭಾವಿತ ಹುಡುಗಿ, ಬಾಯಿ ಪಿಟಕ್ ಅಂದಿಲ್ಲ" ಎಂದಳು. ಅಂದಿನಿಂದ ಸಂಭಾವಿತಳಾದವಳು ನಾನು. ಬಿಡಬೇಕೆಂದರೂ ಬಿಡಲು ಬಂದಿಲ್ಲ.

ಮರುದಿನ ಓಣಿಯಲ್ಲಿ ಎರಡು ಪಕ್ಷವಾದವು. ಹುಡುಗಿಗೆ ಗಾಳಿ ಬಡಿದಿದೆ ಎಂದು ಒಂದು ಪಕ್ಷ. ಹಾಡುವವನಿಗೂ ಅವಳಿಗೂ ಮೊದಲೇ ಗುರುತಿದೆ ಎಂದು ಇನ್ನೊಂದು. ದೊಡ್ಡವ್ವ ಗಾಳಿಯ ಪಕ್ಷ ಹಿಡಿದಳು. ಅದು ಮಾನ ಉಳಿಸುವ ಪಕ್ಷವಾಗಿತ್ತು. ಬಾದಾಮಿಯ ಹತ್ತಿರ ಚೊಳಚಗುಡ್ಡದ ಬನಶಂಕರಿಗೆ ಕೆಲವು ಶುಕ್ರವಾರ ಕರೆದುಕೊಂಡು ಹೋಗಿ, ಹೊಂಡದಲ್ಲಿ ಮೀಯಿಸಿ ಕರೆತಂದರು. ಗಿರಿಜಕ್ಕನ ಜೊತೆಗೆ ಇರಲಿ ಎಂದು ನನ್ನನ್ನೂ ಒಯ್ದರು. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ರೊಟ್ಟಿ, ಕಾಳುಪಲ್ಯ, ಗಟ್ಟಿ ಮೊಸರು ಕೊಂಡು ನಾವು ಗಿಡದ ಬುಡಕ್ಕೆ ಕೂತು ಉಣ್ಣುತ್ತಿದ್ದೆವು. ಗಿರಿಜಕ್ಕ ಒದ್ದೆ ಕೂದಲು ಬಿಟ್ಟುಕೊಂಡು ನನ್ನ ಪಾಲಿನ ಮೊಸರನ್ನೂ ಉಂಡಳು. ದೊಡ್ಡವ್ವ ಆಚೆ ಹೋದಾಗ ನಾನು ಮೆಲ್ಲಗೆ ಕೇಳಿದೆ:

"ಅಕ್ಕಾ, ನಿನಗ ಖರೇನ ಗಾಳಿ ಬಡದೈತೇನು?"

"ಹೌದಂದ್ರ ದೇವರಿಗೆ ಕರ್ಕೊಂಡ ಬರ್ತಾರ, ರೊಟ್ಟಿ ಮಸರ ಕೊಡಸ್ತಾರ. ಇಲ್ಲಂದ್ರ ಬಡೀತಾರ. ನೀನ ಹೇಳು, ಯಾವ್ದ ಚಲೋ?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

ಕಾಲೇಜು ಬಿಡಿಸಿದರು. ಕ್ಯಾಸೆಟ್ಟು ಒಲೆಗೆ ಹೋಯಿತು. ರೇಡಿಯೋ ಅಟ್ಟದ ಮೇಲೆ ಕೈಗೆ ಎಟುಕದ ಕಡೆ ಕೂತಿತು. ಗಾಳಿಯ ಪಕ್ಷ ಗೆದ್ದರೂ ಇನ್ನೊಂದು ಪಕ್ಷದ ಮಾತು ನಿಲ್ಲಲಿಲ್ಲ, ವರ ನೋಡಲು ಬಂದವರ ಕಿವಿಗೂ ಅದು ಬೀಳುತ್ತಿತ್ತು. ಕಡೆಗೆ ಹುನಗುಂದದ ಒಬ್ಬರು ಒಪ್ಪಿದರು. ಕಿರಾಣಿ ಅಂಗಡಿ, ಒಳ್ಳೆಯ ಜನ, ವರನಿಗೆ ವಯಸ್ಸು ಸ್ವಲ್ಪ ಹೆಚ್ಚು. ಮುಂದಿನ ಗಣೇಶನ ಹಬ್ಬ ಬರುವುದರೊಳಗೆ ಗಿರಿಜಕ್ಕ ಹುನಗುಂದ ಸೇರಿದಳು. ಇಳಕಲ್ಲಿನಿಂದ ಅದೇನು ದೂರವಲ್ಲ, ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ಮಾಡುವಷ್ಟರಲ್ಲಿ ಬರುತ್ತದೆ. ಆದರೆ ಅವಳು ತವರಿಗೆ ಬಂದಾಗ ಮೊದಲಿನ ಗಿರಿಜಕ್ಕ ಬರುತ್ತಿರಲಿಲ್ಲ. ರಾಟಿಯ ಮುಂದೆ ಕೂರುವಳು, ಕೈ ತಿರುಗುವುದು, ಬಾಯಿ ಮುಚ್ಚಿರುವುದು. ಮಗ್ಗದೊಳಗಿಂದ ದೊಡ್ಡಪ್ಪ ಒಮ್ಮೆ, "ಏನರೆ ಒಂದ ಹಾಡವಾ" ಎಂದ. "ಮರತೇನಿ ಯಪ್ಪಾ" ಎಂದಳು. ದೊಡ್ಡಪ್ಪ ಮತ್ತೆ ಕೇಳಲಿಲ್ಲ. ಆ ಹಾಡುವವನನ್ನು ಪೇಟೆಯವರು ಆಮೇಲೆ ಕರೆಸಲೂ ಇಲ್ಲ.

ನಾನು ಓದಿದೆ, ನೌಕರಿ ಹಿಡಿದೆ. ಆ ಗಲಾಟೆಯಿಂದ ನನಗೆ ಆದ ಲಾಭವೆಂದರೆ, ಈ ಸುಮಾ ಹಾಗಲ್ಲ ಎಂಬ ಹೆಸರು. ಆ ಹೆಸರಿನ ಮೇಲೆ ನನ್ನನ್ನು ಬಾಗಲಕೋಟೆಯ ಹಾಸ್ಟೆಲ್ಲಿಗೂ ಕಳಿಸಿದರು.

ದೊಡ್ಡವ್ವನಿಗೆ ವಯಸ್ಸಾದ ಮೇಲೆ ಒಮ್ಮೆ ಕಾಲಿನ ಆಪರೇಶನ್ನಿಗೆಂದು ಬಾಗಲಕೋಟೆಯ ದವಾಖಾನೆಗೆ ತಂದಿದ್ದರು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದೆ. ವಾರ್ಡಿನ ಟೀವಿಯಲ್ಲಿ ಒಂದು ಸಂಜೆ ಯಾವುದೋ ಹಾಡಿನ ಕಾರ್ಯಕ್ರಮ. ಮುಂದೆ ನಿಂತ ಹುಡುಗಿಯರು ಕೈ ಬೀಸಿ ಒದರುತ್ತಿದ್ದರು. ದೊಡ್ಡವ್ವ ಬೈಯುತ್ತಾಳೆಂದು ನಾನು ಬಂದ್ ಮಾಡಲು ಎದ್ದೆ.

"ಇರ್ಲಿ ಬಿಡು" ಎಂದಳು. ಸ್ವಲ್ಪ ಹೊತ್ತು ನೋಡಿ, "ನಾನೂ ಒದರಿದ್ನಿ ಸುಮಾ" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಾ ಸಣ್ಣಾಕಿದ್ದಾಗ ಬಾದಾಮ್ಯಾಗ ನಾಟಕದ ಕಂಪನಿ ಬಂದಿತ್ತು. ಅದರಾಗ ಒಬ್ಬಾಂವ ಕೃಷ್ಣನ ಪಾರ್ಟ ಮಾಡ್ತಿದ್ದ. ಹಾಡಾಕ ನಿಂತರ ಮೂರ ಸಲ ವನ್ಸ್‌ಮೋರ್. ಅಂವಾ ಪರದೆ ಸರಿಸಿ ಬಂದ ಕೂಡ್ಲೆ ನಾ ಎದ್ದ ನಿಂತ ಒದರಿಬಿಟ್ನಿ. ಯಾಕ ಅಂತ ನನಗ ಗೊತ್ತಿಲ್ಲ. ಮನಿಗೆ ಬಂದ ಮ್ಯಾಲ ನಮ್ಮವ್ವ ಬರಿ ಹಾಕಿದ್ಲು." ಮುಂಗೈ ತಿರುಗಿಸಿ ತೋರಿಸಿದಳು. ಮೊಣಕೈ ಕೆಳಗೆ ಬೆರಳಗಲದ ಹಳೆಯ ಸುಟ್ಟ ಗುರುತು. ಅದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ಒಲೆಯ ಮುಂದೆ ಕೈ ಸುಟ್ಟುಕೊಂಡಿದ್ದು ಎಂದೇ ತಿಳಿದಿದ್ದೆವು.

"ಗಿರಿಜಾ ಆವತ್ತ ಒದರಿದಾಗ ನನ್ನ ಕೈ ಉರಿತು ನೋಡು. ಮಗಳಿಗೆ ಬರಿ ಹಾಕೂದ ನನ್ನ ಕೈಲೆ ಆಗ್ಲಿಲ್ಲ. ಲಗ್ನಾ ಮಾಡಿದ್ನಿ. ಅದ ಕಡಿಮಿ ಸುಡತೈತಿ ಅನಕೊಂಡಿದ್ನಿ."

ನಾನು ಅವಳ ಕೈ ಹಿಡಿದುಕೊಂಡು ಕೂತೆ. "ಗಿರಿಜಕ್ಕಗ ಹೇಳೀಯೇನು ಇದನ್ನ?" ಎಂದೆ.

"ಹೇಳಬೇಕು. ಹೆಂಗ ಹೇಳಲಿ? ಹೇಳ್ತೇನಿ, ಆರಾಮಾಗಿ ಮನಿಗೆ ಹೋದ ಮ್ಯಾಲ" ಎಂದಳು. ಮನೆಗೆ ಹೋದಳು, ಎರಡು ವರ್ಷ ಬದುಕಿದ್ದಳು ಕೂಡ. ಹೇಳಲಿಲ್ಲ. ಹೇಳುವುದು ಅವಳ ಹಕ್ಕು ಎಂದುಕೊಂಡು ನಾನೂ ಬಾಯಿ ಬಿಡಲಿಲ್ಲ. ಸಂಭಾವಿತಳಲ್ಲವೇ.

ಶ್ರಾವ್ಯಾಳ ಅಳು ನಿಂತ ಮೇಲೆ, ಮುಂದಿನ ರಜೆಗೆ ಅವಳನ್ನು ಕರೆದುಕೊಂಡು ಹುನಗುಂದಕ್ಕೆ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಂಡೆ. ಗಿರಿಜಕ್ಕನ ಗಂಡ ಅಂಗಡಿಯಲ್ಲಿದ್ದರು. ಅವಳೊಬ್ಬಳೇ ಮನೆಯಲ್ಲಿದ್ದಳು. ಕೂದಲು ಅರ್ಧ ನರೆತಿದೆ, ದಪ್ಪ ಕನ್ನಡಕ. ಚಹಾ ಕುಡಿಯುತ್ತ ನಾನು ಮಗಳ ಪುರಾಣವನ್ನೆಲ್ಲ ಹೇಳಿದೆ. ಅಳಿಯನನ್ನು ಹಗ್ಗಕ್ಕೆ ಹಾಕಿದ್ದು ಕೇಳಿ ಗಿರಿಜಕ್ಕ ನಕ್ಕಳು. "ಎಲ್ಲಿ, ತೋರಸು ನೋಡೂಣು" ಎಂದಳು.

ಶ್ರಾವ್ಯಾ ಖುಷಿಯಿಂದ ಫೋನು ಹಿಡಿದು ಪಕ್ಕದಲ್ಲಿ ಕೂತಳು. ಗಿರಿಜಕ್ಕ ಕುಣಿಯುವ ಹುಡುಗರನ್ನು ಬಗ್ಗಿ ನೋಡಿದಳು.

"ಇವರೊಳಗ ನಿನ್ನಾಂವ ಯಾವಾಂವ?"

"ಇಂವಾ ಮೌಶಿ, ಗುಲಾಬಿ ಕೂದಲಾಂವ."

"ಇಂವನ್ನ ನೋಡಿದ್ರ ಒದರ್ತೀಯೇನು?"

"ಒದರ್ತೇನಿ. ನಮ್ಮ ಗೆಳತ್ಯಾರೆಲ್ಲಾ ಒದರ್ತಾರ."

"ಒಬ್ಬಾಕೀನ ಇದ್ರ ಒದರ್ತೀಯೇನು?"

ಶ್ರಾವ್ಯಾ ಯೋಚನೆ ಮಾಡಿದಳು. "ಒಬ್ಬಾಕೀನ ಇದ್ರ ಸುಮ್ಮ ನೋಡ್ತೇನಿ. ಒದರೂದು ಎಲ್ಲಾರೂ ಇದ್ದಾಗ ಮೌಶಿ. ಆವಾಗ ಭಾಳ ಚಲೋ ಅನಸ್ತೈತಿ."

ಗಿರಿಜಕ್ಕ ನನ್ನ ಕಡೆ ತಿರುಗಿದಳು. "ಕೇಳಿದೇನ? ನನ್ನದೂ ಅಷ್ಟ ಇತ್ತು. ಆವತ್ತ ಆ ಹಾಡಾವನ ಮಾರಿ ನನಗ ಕಂಡಿದ್ದಿಲ್ಲ ಸುಮಾ."

"ಕಂಡಿದ್ದಿಲ್ಲ ಅಂದ್ರ?"

"ದೂರಿಂದ ನನಗ ಮೊದಲಿಂದನೂ ಕಾಣ್ತಿದ್ದಿಲ್ಲ. ಹತ್ರಂದು ಚಲೋ ಕಾಣ್ತಿತ್ತು. ಹರದ ಎಳಿ ಕೂಡಸೂದು, ಪುಸ್ತಕ ಓದೂದು ಎಲ್ಲಾ ಆಗ್ತಿತ್ತಲ್ಲ, ಅದಕ್ಕ ಯಾರಿಗೂ ಗೊತ್ತಾಗ್ಲಿಲ್ಲ. ನನಗೂ ಗೊತ್ತಿದ್ದಿಲ್ಲ, ಎಲ್ಲಾರಿಗೂ ಹಂಗ ಕಾಣ್ತೈತಿ ಅನಕೊಂಡಿದ್ನಿ. ಲಗ್ನಾದ ಮ್ಯಾಲ ಇಲ್ಲಿ ಕಣ್ಣ ತಪಾಸಣಿ ಮಾಡಾಕ ಡಾಕ್ಟರ ಬಂದಾಗ ಕಣ್ಣಿಗೆ ಈ ಚಾಳೀಸ ಬಂತು. ಆವತ್ತ ಮಾಳಿಗಿ ಮ್ಯಾಲಿಂದ ನನಗ ಕಂಡಿದ್ದ ಬರೇ ಬೆಳಕು. ಬೆಳಕಿನ್ಯಾಗ ಏನೋ ಕೆಂಪಂದು ಹಾರ್ತಿತ್ತು. ಎರಡೂ ಕಡೆ ನೀವು ಕೈ ಹಿಡದಿದ್ರಿ. ಎಲ್ಲಾರ ಮೈಯೂ ನನ್ನ ಮೈ ಅನಿಸಿಬಿಟ್ತು. ಒದರಿದ್ನಿ. ನನಗ ಅಷ್ಟ ದೊಡ್ಡ ದನಿ ಐತಿ ಅಂತ ಆವತ್ತ ಗೊತ್ತಾತು."

"ಇದನ್ನ ಆವಾಗ ಯಾಕ ಹೇಳ್ಲಿಲ್ಲ?"

"ಯಾರ ಕೇಳಿದ್ರು? ಅಂವಾ ಎಲ್ಲಿ ಭೆಟ್ಟಿ ಆದ, ಏನಂದ, ಏನ ಕೊಟ್ಟ, ಇದನ್ನ ಎಲ್ಲಾರೂ ಕೇಳಿದ್ರು."

ಹುಡುಗಿಯರು ಯಾಕೆ ಹಾಗೆ ಚೀರುತ್ತಾರೆ ಎಂದು ಟೀಚರ್ಸ್ ರೂಮಿನಲ್ಲಿ ನಾವು ಎಷ್ಟೋ ಸಲ ಮಾತಾಡಿದ್ದೇವೆ. ವಯಸ್ಸು ಎನ್ನುತ್ತಾರೆ, ಮೊಬೈಲು ಎನ್ನುತ್ತಾರೆ, ತಾಯಂದಿರ ಸಡಿಲು ಎನ್ನುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸಿದ್ದೇನೆ. ಒಂದು ಹುಡುಗಿಯನ್ನು ಕೂರಿಸಿಕೊಂಡು, ನಿನಗೆ ಆಗ ಏನನಿಸುತ್ತದೆ ಎಂದು ಕೇಳಿದ ನೆನಪಿಲ್ಲ. ಕ್ರಿಕೆಟ್ ಆಡುವ ಹುಡುಗರು ಬ್ಯಾಟು ಎತ್ತಿ ಊರೇ ಏಳುವ ಹಾಗೆ ಕೂಗುವಾಗ ಯಾರಾದರೂ ಅವರನ್ನು ಹೊಂಡಕ್ಕೆ ಒಯ್ದಿದ್ದನ್ನು ನಾನು ನೋಡಿಲ್ಲ.

ಆ ದಿನ ನಾನು ಗಿರಿಜಕ್ಕನಿಗೆ ದವಾಖಾನೆಯಲ್ಲಿ ದೊಡ್ಡವ್ವ ಆಡಿದ ಮಾತು ಹೇಳಿದೆ. ಬಾದಾಮಿಯ ನಾಟಕ, ಕೃಷ್ಣನ ಪಾರ್ಟಿನವನು, ಬರಿ. ಗಿರಿಜಕ್ಕ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಡೆಗಾಲದಲ್ಲಿ ತಾಯಿಗೆ ನೀರು ಹಾಕಿದವಳು, ಕೈಗೆ ಎಣ್ಣೆ ತಿಕ್ಕಿದವಳು ಅವಳೇ. ಆ ಗುರುತಿನ ಮೇಲೆ ಎಷ್ಟು ಸಲ ಅವಳ ಬೆರಳಾಡಿತ್ತೋ.

"ಅವ್ವನೂ ಒದರಿದ್ಲಾ" ಎಂದಳು.

ಶ್ರಾವ್ಯಾ ಹಾಡಿನ ದನಿ ತಗ್ಗಿಸಿದಳು.

"ಒಂದ ಮಾತ ಹೇಳಬೇಕಿತ್ತಲ್ಲ ಸುಮಾ ಆಕಿ. ಕಾಲೇಜ ಬಿಟ್ಟಿದ್ದು ಹೋಗ್ಲಿ, ಅದು ಹೋದ್ದು ಹೋತು. ಹೇಳಿದ್ರ ಇಬ್ರೂ ಕೂಡಿ ಒಮ್ಮಿ ನಕ್ಕಿರ್ತಿದ್ವಿ. ನಾ ಆಕೀನ್ನ ಇಷ್ಟ ವರ್ಷ ಅಂಜಿಕೊಂಡ ನೋಡಿದ್ನಿ."

ಆ ಮಾತು ಎರಡು ವರ್ಷ ನನ್ನಲ್ಲೂ ಇತ್ತು, ಆಗ ತಾಯಿ ಬದುಕಿದ್ದಳು ಎಂಬುದನ್ನು ಗಿರಿಜಕ್ಕ ಆಡಲಿಲ್ಲ. ಅವಳು ಆಡುವವಳಲ್ಲ.

ಸಂಜೆಯ ಬಸ್ಸಿಗೆ ಹೊರಟೆವು. ಗಿರಿಜಕ್ಕ ಸ್ಟ್ಯಾಂಡಿನ ತನಕ ಬಂದಳು. ಶ್ರಾವ್ಯಾ ಮುಂದೆ ಮುಂದೆ ಹೋಗುತ್ತಿದ್ದಳು. ಕಲ್ಲುಬೆಂಚಿನ ಮೇಲೆ ಕೂತು ಕಾಯುವಾಗ ಗಿರಿಜಕ್ಕ ಕೇಳಿದಳು:

"ಸುಮಾ, ಆವತ್ತ ಅಂವಾ ಯಾವ ಹಾಡ ಹಾಡಾಕತ್ತಿದ್ದ?"

ಹೇಳಲೆಂದು ಬಾಯಿ ತೆರೆದೆ. ಕರವಸ್ತ್ರ ನೆನಪಿತ್ತು, ಬಿಳಿ ಬೂಟು ನೆನಪಿತ್ತು, ಅವನು ಆಡಿದ ಮಾತೂ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಹಾಡು ಬರಲಿಲ್ಲ. ಒಂದೆರಡು ಹಾಡಿನ ಹೆಸರು ಹೇಳಿದೆ. ಅವಳು ತಲೆಯಲ್ಲಾಡಿಸಿದಳು. ಅವಳೊಂದು ಹೇಳಿದಳು, ಅದು ಆಮೇಲೆ ಬಂದದ್ದು ಎಂದು ಅವಳಿಗೇ ಅನಿಸಿತು. ಇಬ್ಬರೂ ಹುಡುಕುತ್ತ ಕೂತೆವು. ಆ ಮಾಳಿಗೆಯ ಮೇಲಿದ್ದವರಲ್ಲಿ ಕೇಳಬಹುದಾದವರು ಇನ್ನು ಯಾರಿದ್ದಾರೆ ಎಂದು ನೋಡಿದರೆ, ಕೈ ಹಿಡಿದಿದ್ದ ಆ ಗೆಳತಿ ಈಗ ಎಲ್ಲಿದ್ದಾಳೋ ಗಿರಿಜಕ್ಕನಿಗೂ ಗೊತ್ತಿರಲಿಲ್ಲ, ಬೇರೆ ಒಬ್ಬರ ಹೆಸರೂ ತೋಚಲಿಲ್ಲ.

ಬಾಗಲಕೋಟೆಯ ಬಸ್ಸು ಬಂದು ನಿಂತಿತು.

"ಹೋಗ್ಲಿ ಬಿಡು" ಎಂದಳು ಗಿರಿಜಕ್ಕ, "ಭಾಳ ಚಲೋ ಹಾಡ ಇತ್ತು ಅದು."